ಅಜ್ಜನ ಅಜ್ಜ ಯಾರು?

ನಿಮ್ಮ ಮನೆಯ ಅಟ್ಟದ ಮೇಲಿರುವ ಹಳೆಯ ಟ್ರಂಕನ್ನು ಒಮ್ಮೆ ಕೆಳಗಿಳಿಸಿ ನೋಡಿರಿ. ಅಜ್ಜನ ಜ್ಞಾನಸ್ನಾನದ ಪತ್ರದಲ್ಲಿ ಹುಟ್ಟಿದ ದಿನ ಒಂದು ಬಗೆಯಾಗಿದ್ದರೆ ಶಾಲೆಯ ವರ್ಗಾವಣೆ ಪತ್ರದಲ್ಲಿ ಮತ್ತೊಂದು ಬಗೆಯಾಗಿರುತ್ತದೆ. ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸಿದ ವಯಸ್ಸಿನಿಂದ ಲೆಕ್ಕ ಹಾಕಿದರೆ ಮೂರನೆಯ ವರ್ಷವೊಂದು ದೊರಕುತ್ತದೆ. ನಮ್ಮ ನಾಡಿನಲ್ಲಿ ಒಂದು ತಲೆಮಾರಿನ ಅರ್ಧ ಜನ ಜೂನ್ 1ರಂದೇ ಹುಟ್ಟಿದವರು! ಅದು ತಾಯಂದಿರ ಕೃಪೆಯಲ್ಲ, ಶಾಲೆಗೆ ಸೇರಿಸಿಕೊಂಡ ಮುಖ್ಯೋಪಾಧ್ಯಾಯರ ಕೃಪೆ. ಜ್ಞಾನಸ್ನಾನ ನೀಡಿದ ಗುರುಗಳಿಗೆ ಬೇಕಾಗಿದ್ದುದು ಸಂಸ್ಕಾರದ ದಿನ. ಉಪಾಧ್ಯಾಯರಿಗೆ ಬೇಕಾಗಿದ್ದುದು ಒಂದನೆಯ ತರಗತಿಗೆ ತಕ್ಕ ವಯಸ್ಸು. ಇಬ್ಬರೂ ಸುಳ್ಳು ಹೇಳಲಿಲ್ಲ, ತಮ್ಮ ತಮ್ಮ ಪ್ರಶ್ನೆಗೆ ಉತ್ತರ ಬರೆದುಕೊಂಡರು, ಅಷ್ಟೆ.

ಎರಡು ತಲೆಮಾರು ಹಿಂದಕ್ಕೆ ಹೋದರೆ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ಬಳ್ಳಾರಿ ಸೀಮೆಯ ಹಿರಿಯರು ವರ್ಷವನ್ನು ಸಂವತ್ಸರದ ಹೆಸರಿನಿಂದ ನೆನೆಯುತ್ತಿದ್ದರು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ‘ಧಾತು ಸಂವತ್ಸರದಲ್ಲಿ ಹುಟ್ಟಿದವನು’ ಎಂಬ ಮಾತು 1876ಕ್ಕೂ ಸಲ್ಲುತ್ತದೆ, 1816ಕ್ಕೂ ಸಲ್ಲುತ್ತದೆ. ಕಂದಾಯದ ಕಾಗದಗಳಲ್ಲಿ ಫಸಲಿ ವರ್ಷ ನಮೂದಾಗಿದ್ದರೆ ಅದಕ್ಕೆ 590 ಕೂಡಿಸಬೇಕು, ಶಕವರ್ಷವಾದರೆ 78. ಇದರ ಜೊತೆಗೆ ಮೊಮ್ಮಗನಿಗೆ ತಾತನ ಹೆಸರಿಡುವ ನಮ್ಮ ಪದ್ಧತಿಯೊಂದಿದೆ. ತಾತ ಮೊಮ್ಮಗ ಇಬ್ಬರೂ ಒಂದೇ ಹೆಸರಿನವರಾದಾಗ, ನಡುವೆ ಬದುಕಿದ ಮಗನೊಬ್ಬನು ನೆನಪಿನಿಂದ ಸದ್ದಿಲ್ಲದೆ ಜಾರಿಹೋಗುತ್ತಾನೆ. ಎರಡು ಜೀವಗಳು ಬೆಸೆದು ಒಂದಾಗುತ್ತವೆ; ನೂರಿಪ್ಪತ್ತು ವರ್ಷ ಬಾಳಿದ ಮುತ್ತಜ್ಜನೊಬ್ಬ ಹುಟ್ಟಿಕೊಳ್ಳುತ್ತಾನೆ.

ಸಿರುಗುಪ್ಪ, ಕುರುಗೋಡು ಸುತ್ತಿನ ಹಳ್ಳಿಗಳ ಹಿರಿಯರನ್ನು ಕೇಳಿದರೆ ಹೆಳವರ ನೆನಪನ್ನು ಹೇಳುತ್ತಾರೆ. ಸುಗ್ಗಿ ಮುಗಿದು ಕಣಜ ತುಂಬಿದ ಮೇಲೆ ಎತ್ತಿನೊಂದಿಗೆ, ಗಂಟೆಯ ನಾದದೊಂದಿಗೆ ಹೆಳವನು ಬಾಗಿಲಿಗೆ ಬಂದು ಮನೆತನದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾನೆ. ಮೂಲ ಊರು ಯಾವುದು, ಯಾವ ಬರದಲ್ಲಿ ಎಲ್ಲಿಗೆ ವಲಸೆ ಬಂದರು, ಅಣ್ಣತಮ್ಮಂದಿರು ಯಾವಾಗ ಬೇರೆಯಾದರು ಎಂಬುದೆಲ್ಲ ಅವನ ಹೊತ್ತಗೆಯಲ್ಲಿರುತ್ತದೆ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ಸೇರಿಸಿಕೊಂಡು, ಕಾಳು, ಬಟ್ಟೆ, ಕಾಣಿಕೆ ಪಡೆದು ಮುಂದಿನ ಊರಿಗೆ ಸಾಗುತ್ತಾನೆ. ಹಿಂದೆ ತಾಳೆಗರಿ, ತಾಮ್ರಪಟ. ಆಮೇಲೆ ಕಾಗದದ ಪುಸ್ತಕ. ಜಗತ್ತಿನಲ್ಲಿ ಇಂತಹ ವಂಶಾವಳಿಕಾರರನ್ನು ಪಡೆದ ನಾಡುಗಳು ಹೆಚ್ಚಿಲ್ಲ. ಆದರೆ ಒಂದನ್ನು ಮರೆಯಬಾರದು. ಹೆಳವನ ಹೊತ್ತಗೆ ಅವನಿಗೆ ದಾನ ಕೊಟ್ಟ ಮನೆತನಗಳ ಹೊತ್ತಗೆ. ಕೊಡಲು ಕಾಳಿಲ್ಲದ ಕೂಲಿಕಾರನ ಹೆಸರನ್ನು ಅದರಲ್ಲಿ ಹುಡುಕುವುದು ಕಷ್ಟ. ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳ ಹಿರಿಯರು ಇಂತಹ ಕೂಲಿಕಾರರೇ ಅಲ್ಲವೇ?

ದಾನ ಕೊಡಬಲ್ಲವರ ವಂಶಾವಳಿಗೂ ತನ್ನದೇ ಆದ ದೋಷವುಂಟು. ಕುರುಗೋಡಿನಿಂದ ಆಳಿದ ಸಿಂದರನ್ನೇ ನೋಡಿ. ಸಿಂದ ಮನೆತನದ ಶಾಸನಗಳಲ್ಲಿ ಮೂಲಪುರುಷನ ಕಥೆ ಒಂದೇ ಬಗೆಯಾಗಿಲ್ಲ. ಒಂದು ಕಡೆ ನಾಗರಾಜ ಧರಣೇಂದ್ರನ ವಂಶದವನಾಗಿ, ಹುಲಿಯ ಆರೈಕೆಯಲ್ಲಿ ಬೆಳೆದವನು. ಇನ್ನೊಂದು ಕಡೆ ಶಿವನಿಗೂ ಸಿಂಧೂ ನದಿಗೂ ಹುಟ್ಟಿದವನು. ಕಲ್ಲಿನಲ್ಲಿ ಕೊರೆದದ್ದೆಲ್ಲ ಕಲ್ಲಿನಷ್ಟು ಗಟ್ಟಿಯಲ್ಲ. ಅರಸನ ಆಸ್ಥಾನದ ಕವಿಗೆ ಕೇಳಿದ್ದ ಪ್ರಶ್ನೆ ‘ಅವನ ತಂದೆ ಯಾರು’ ಎಂದಲ್ಲ, ‘ಅವನು ಎಷ್ಟು ದೊಡ್ಡವನು’ ಎಂದು.

ಬಳ್ಳಾರಿಯ ಕೋಟೆಯ ಪೂರ್ವದ ಬಾಗಿಲಿನ ಬಳಿ ಒಂದು ಗೋರಿಯಿದೆ. 1770ರ ದಶಕದಲ್ಲಿ ಹಂಡೆ ಪಾಳೆಯಗಾರರಿಂದ ಕೋಟೆಯನ್ನು ವಶಪಡಿಸಿಕೊಂಡ ಹೈದರಾಲಿ ಅದನ್ನು ಬಲಪಡಿಸಲು ಫ್ರೆಂಚ್ ಎಂಜಿನಿಯರನೊಬ್ಬನನ್ನು ನೇಮಿಸಿದನಂತೆ. ಕೆಲಸ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಯ ಬೆಟ್ಟಕ್ಕಿಂತ ಎತ್ತರವಾಗಿದೆಯೆಂದು ತಿಳಿದು, ಆ ಎಂಜಿನಿಯರನನ್ನು ಅಲ್ಲಿಯೇ ಗಲ್ಲಿಗೇರಿಸಿದನಂತೆ. ಅವನದೇ ಈ ಗೋರಿ ಎಂದು ಕೆಲವರು ಹೇಳಿದರೆ, ಅದು ಸಂತನೊಬ್ಬನ ಸಮಾಧಿ ಎಂದು ನಗರದ ಕೆಲವು ಮುಸ್ಲಿಮರು ಹೇಳುತ್ತಾರೆ. ಬೆಟ್ಟದ ಎತ್ತರವನ್ನು ಕಣ್ಣಿನಿಂದಲೇ ಕಾಣಬಹುದಾಗಿದ್ದಾಗ ಕೋಟೆ ಮುಗಿಯುವವರೆಗೂ ಯಾರೂ ಅದನ್ನು ಗಮನಿಸಲಿಲ್ಲವೆಂಬುದು ನನಗೆ ನಂಬಿಕೆ ತರುವ ಮಾತಲ್ಲ. ಅದಿರಲಿ. ಸತ್ತವನ ಹೆಸರನ್ನೇ ಉಳಿಸದ ಕಥೆಯು ಅವನ ಸಾವನ್ನು ಮಾತ್ರ ಇಷ್ಟು ಚೆನ್ನಾಗಿ ಉಳಿಸಿಕೊಂಡಿರುವುದು ಸೋಜಿಗ. ಬಾಯಿಮಾತಿಗೆ ರುಚಿಯೇ ಮುಖ್ಯ.

ಹಾಗಾದರೆ ಒಂದಕ್ಕೊಂದು ಹೊಂದದ ದಾಖಲೆಗಳ ನಡುವೆ ದಾರಿ ಕಾಣುವುದು ಹೇಗೆ? ಇದಕ್ಕೆ ನನಗೆ ತಿಳಿದ ಅತ್ಯುತ್ತಮ ಉದಾಹರಣೆ ದೂರದ ಅಮೆರಿಕದ್ದು. ಮನೆತನವೂ ನೀವು ಬಲ್ಲದ್ದೇ: ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರದು.

ಲಿಂಕನ್ ಅವರಿಗೆ ತಮ್ಮ ಅಜ್ಜನಿಂದ ಆಚೆಗೆ ಏನೂ ಸ್ಪಷ್ಟವಾಗಿ ತಿಳಿದಿರಲಿಲ್ಲ. 1848ರಲ್ಲಿ ಮ್ಯಾಸಚೂಸೆಟ್ಸಿನ ಹಿಂಗಂ ಊರಿನ ಸಾಲೊಮನ್ ಲಿಂಕನ್ ಎಂಬವರು ಮನೆತನದ ಬಗ್ಗೆ ವಿಚಾರಿಸಿ ಬರೆದಾಗ ಅವರು ಕೊಟ್ಟ ಉತ್ತರ ಹೀಗಿತ್ತು: ಅಜ್ಜನ ಹೆಸರೂ ಅಬ್ರಹಾಂ, ಸುಮಾರು 1782ರಲ್ಲಿ ವರ್ಜೀನಿಯಾದಿಂದ ಕೆಂಟಕಿಗೆ ಹೋದನು, ಎರಡು ವರ್ಷಗಳ ನಂತರ ಮೂಲನಿವಾಸಿಗಳಿಂದ ಹತನಾದನು, ಮುತ್ತಜ್ಜ ಪೆನ್ಸಿಲ್ವೇನಿಯಾದಿಂದ ಬಂದವನು, ಕ್ವೇಕರ್ ಪಂಥದವನು ಎಂಬ ಮಸುಕಾದ ಐತಿಹ್ಯವಿದೆ. ಇಷ್ಟೇ. 1859ರಲ್ಲಿ ತಮ್ಮ ಬಗ್ಗೆ ಮತ್ತೊಮ್ಮೆ ಬರೆದುಕೊಡುವಾಗಲೂ, ಹಿಂಗಂ ಕಡೆಯ ಲಿಂಕನ್ನರಿಗೂ ತಮಗೂ ಮೊರ್ದೆಕಾಯ್, ಸಾಲೊಮನ್, ಅಬ್ರಹಾಂ ಮೊದಲಾದ ಹೆಸರುಗಳ ಹೋಲಿಕೆಯ ಹೊರತು ಬೇರೇನೂ ಸಿಗಲಿಲ್ಲವೆಂದರು. ಈ ಅಜ್ಞಾನಕ್ಕೆ ಕಾರಣವಿತ್ತು. ಅಜ್ಜ ಸತ್ತಾಗ ಲಿಂಕನ್ನರ ತಂದೆ ಥಾಮಸ್ ಸುಮಾರು ಎಂಟು ವರ್ಷದ ಬಾಲಕ. ಮನೆಯ ಕಥೆ ಹೇಳಬೇಕಾದವನು ಹೊಲದಲ್ಲಿ ಹೆಣವಾಗಿ ಬಿದ್ದಿದ್ದನು. 1865ರಲ್ಲಿ ಲಿಂಕನ್ ಕೊಲೆಯಾದಾಗಲೂ ಅವರಿಗೆ ತಮ್ಮ ಮೂಲ ತಿಳಿದಿರಲಿಲ್ಲ.

ಆಮೇಲೆ ಎಳೆದಾಟ ಮೊದಲಾಯಿತು. ಅಜ್ಜ ಅಬ್ರಹಾಂ 1780ರಲ್ಲಿ ಕೆಂಟಕಿಯಲ್ಲಿ 400 ಎಕರೆ ಜಮೀನಿಗಾಗಿ ಪಡೆದ ಹಕ್ಕುಪತ್ರದಲ್ಲಿ ಅವನ ಹೆಸರು ‘ಲಿಂಕ್‌ಹಾರ್ನ್’ ಎಂದಿದೆ. ಕಿವಿಗೆ ಅಪ್ಪಟ ಜರ್ಮನ್ ಹೆಸರು! ಅವನು ಹುಟ್ಟಿದ ಪೆನ್ಸಿಲ್ವೇನಿಯಾದ ಬರ್ಕ್ಸ್ ಸೀಮೆ ಜರ್ಮನ್ ವಲಸಿಗರ ತವರು. ಅವನು ಬಾಳಿದ ವರ್ಜೀನಿಯಾದ ರಾಕಿಂಗ್‌ಹ್ಯಾಂ ಕೂಡ ಪೆನ್ಸಿಲ್ವೇನಿಯಾ ಜರ್ಮನರು ಬಂದು ನೆಲೆಸಿದ ಪ್ರದೇಶ. ಹೀಗಾಗಿ ಲಿಂಕನ್ನರ ಮೂಲಪುರುಷ 18ನೇ ಶತಮಾನದ ಜರ್ಮನ್ ವಲಸಿಗನೆಂದು ಕೆಲವು ಜರ್ಮನ್-ಅಮೆರಿಕನ್ ಲೇಖಕರು ವಾದಿಸಿದರು. ಅಷ್ಟು ದೊಡ್ಡ ಮನುಷ್ಯನನ್ನು ತಮ್ಮವನೆಂದು ಹೇಳಿಕೊಳ್ಳುವ ಆಸೆ ಯಾರಿಗಿರುವುದಿಲ್ಲ?

ಈ ವಾದವನ್ನು ಪರೀಕ್ಷೆಗೆ ಒಡ್ಡಿದವರು ಮೇರಿಯನ್ ಡೆಕ್ಸ್ಟರ್ ಲರ್ನೆಡ್. ಇವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜರ್ಮನ್ ಭಾಷೆಯ ಪ್ರಾಧ್ಯಾಪಕರು. ಅಮೆರಿಕದ ಜರ್ಮನರ ಇತಿಹಾಸಕ್ಕೇ ಬಾಳನ್ನು ಸವೆಸಿದವರು. ವಾದ ನಿಜವಾಗಿದ್ದರೆ ಅವರಷ್ಟು ಸಂತೋಷಪಡುವವರು ಬೇರೆ ಇರಲಿಲ್ಲ. ಅವರು ಉಯಿಲುಗಳನ್ನೂ ಜಮೀನಿನ ಪತ್ರಗಳನ್ನೂ ಒಂದೊಂದಾಗಿ ಓದಿ, ಲಿಂಕನ್ನರ ಜನ್ಮಶತಾಬ್ದಿಯ ವರ್ಷವಾದ 1909ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮನೆತನ ಇಂಗ್ಲಿಷ್ ಮೂಲದ್ದು, ಜರ್ಮನ್ ಅಲ್ಲ ಎಂದು ಸಾರಿದರು. ಈ ಪ್ರಾಮಾಣಿಕತೆಯನ್ನು ನಾನು ಬಹಳ ಮೆಚ್ಚುತ್ತೇನೆ.

ದಾಖಲೆಗಳು ಹೇಳಿದ್ದೇನು? ಅಜ್ಜ ಅಬ್ರಹಾಂ ಅದೇ 1780ರಲ್ಲಿ ವರ್ಜೀನಿಯಾದ ತನ್ನ ಜಮೀನು ಮಾರಿದ ಕ್ರಯಪತ್ರದಲ್ಲಿ ಹೆಸರು ‘ಲಿಂಕನ್’ ಎಂದೇ ಇದೆ. ‘ಲಿಂಕ್‌ಹಾರ್ನ್’ ಎಂಬುದು ಗುಮಾಸ್ತನ ಕಿವಿಗೆ ಬಿದ್ದ ಸದ್ದು. ಅವನ ತಂದೆ ಜಾನ್. ಜಾನನ ತಂದೆ 1736ರಲ್ಲಿ ತೀರಿಕೊಂಡ ಮೊರ್ದೆಕಾಯ್. ಈ ಮೊರ್ದೆಕಾಯ್ ತನ್ನ ಉಯಿಲಿನಲ್ಲಿ ನ್ಯೂಜೆರ್ಸಿಯ ಜಮೀನನ್ನು ಜಾನನಿಗೆ ಬಿಟ್ಟಿದ್ದನು. ಮುಂದೆ ಜಾನ್ ಅದನ್ನು ಮಾರಿದನು. ತಂದೆ ಮಗನ ನಂಟನ್ನು ಗಟ್ಟಿಮಾಡಿದ್ದು ಆ ಜಮೀನಿನ ಕಾಗದಗಳು. ಅಲ್ಲಿಂದ ಹಿಂದಕ್ಕೆ ಇನ್ನೊಬ್ಬ ಮೊರ್ದೆಕಾಯ್, ಅವನ ತಂದೆ ಸ್ಯಾಮ್ಯುಯೆಲ್. 1637ರಲ್ಲಿ ಇಂಗ್ಲೆಂಡಿನಿಂದ ಬಂದ ನೇಕಾರನಾದ ಈ ಸ್ಯಾಮ್ಯುಯೆಲ್ ನೆಲೆಸಿದ್ದು ಯಾವ ಊರಿನಲ್ಲಿ? ಅದೇ ಹಿಂಗಂ! 1848ರಲ್ಲಿ ಪತ್ರ ಬರೆದವರ ಊರೇ ಅದು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯೇ ಅಲ್ಲಿ ಸುಳಿವಾಗಿ ಉಳಿದುಕೊಂಡಿತ್ತು. ಕ್ವೇಕರ್ ಐತಿಹ್ಯವೂ ಬರಿಯ ಕಟ್ಟುಕಥೆಯಲ್ಲ. ಬರ್ಕ್ಸಿನ ನೆರೆಹೊರೆಯವರಲ್ಲಿ, ನೆಂಟರಲ್ಲಿ ಕ್ವೇಕರರಿದ್ದರು. ನೆನಪು ನೆಂಟರನ್ನು ಹಿರಿಯರನ್ನಾಗಿ ಮಾಡಿತ್ತು. ಅಜ್ಜ ಸತ್ತ ವರ್ಷದಲ್ಲಿಯೂ ಹಾಗೆಯೇ: ಮೊಮ್ಮಗನ ಲೆಕ್ಕದಲ್ಲಿ 1784, ಆದರೆ 1785ರಲ್ಲಿಯೂ ಅವನ ಜಮೀನಿನ ಅಳತೆ ನಡೆದಿದೆ. ಚರಿತ್ರೆಕಾರರು ಒಪ್ಪುವ ವರ್ಷ 1786.

ನಿಜವಾದ ಜರ್ಮನ್ ವಲಸಿಗರ ದಾಖಲೆಗಳು ಇನ್ನೂ ಜಟಿಲ. 1727ರಿಂದ ಫಿಲಡೆಲ್ಫಿಯಾ ಬಂದರಿಗೆ ಬಂದ 16 ವರ್ಷ ಮೀರಿದ ಜರ್ಮನ್ ಗಂಡಸರೆಲ್ಲ ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕಾಗಿತ್ತು. ಹಡಗಿನ ಕಪ್ತಾನನ ಪಟ್ಟಿ ಬೇರೆ, ಪ್ರಮಾಣದ ಸಹಿಯ ಪಟ್ಟಿಗಳು ಬೇರೆ. ಒಬ್ಬನೇ ಮನುಷ್ಯ ಒಂದೇ ವಾರದಲ್ಲಿ ಮೂರು ಬಗೆಯ ಕಾಗುಣಿತದಲ್ಲಿ ಕಾಣಿಸುತ್ತಾನೆ. ಅಣ್ಣತಮ್ಮಂದಿರೆಲ್ಲರ ಜ್ಞಾನಸ್ನಾನದ ಮೊದಲ ಹೆಸರು ಯೊಹಾನ್. ಮನೆಯಲ್ಲಿ ಕರೆಯುವುದು ಎರಡನೆಯ ಹೆಸರಿನಿಂದ. ಸಾಲದುದಕ್ಕೆ 1752ರಲ್ಲಿ ಬ್ರಿಟಿಷ್ ಸಾಮ್ರಾಜ್ಯ ಪಂಚಾಂಗ ಬದಲಿಸಿದಾಗ ಸೆಪ್ಟೆಂಬರ್ 2ರ ಮರುದಿನ 14 ಆಯಿತು. ಮನೆಯ ಬೈಬಲಿನಲ್ಲಿ ಬರೆದ ದಿನಕ್ಕೂ ಕಚೇರಿಯ ದಿನಕ್ಕೂ ಹನ್ನೊಂದು ದಿನಗಳ ಅಂತರ ಕಂಡರೆ ಬೆಚ್ಚಬೇಕಾಗಿಲ್ಲ. ನಮ್ಮ ಸಂವತ್ಸರದ ಗೊಂದಲ ನೆನಪಾಗುತ್ತದಲ್ಲವೇ?

ಈಗ ಬಳ್ಳಾರಿಗೆ ಮರಳೋಣ. 1800ರಲ್ಲಿ ನಿಜಾಮನಿಂದ ಈ ಸೀಮೆ ಕಂಪನಿಯ ಕೈಸೇರಿತು, ಕಂಟೋನ್ಮೆಂಟ್ ಬೆಳೆಯಿತು, 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದರು. ಕಂಟೋನ್ಮೆಂಟಿನ ಯುರೋಪಿಯನ್ನರ ಜ್ಞಾನಸ್ನಾನ, ವಿವಾಹ, ಸಮಾಧಿಗಳ ವಿವರವನ್ನು ನಕಲು ಮಾಡಿ ಮದರಾಸಿಗೂ ಅಲ್ಲಿಂದ ಲಂಡನ್ನಿಗೂ ಕಳುಹಿಸುತ್ತಿದ್ದರು. ಆ ನಕಲುಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ನಮ್ಮ ಕುಟುಂಬಗಳಲ್ಲಿ ಯಾರಾದರೂ ಸೈನ್ಯದ ಸಂಬಂಧ ಹೇಳುವುದಿದ್ದರೆ ಅಲ್ಲಿ ಹುಡುಕಬಹುದು. ಆದರೆ ಅದು ನಕಲೆಂಬುದು ನೆನಪಿರಲಿ.

ನಮ್ಮ ಧರ್ಮಕೇಂದ್ರಗಳ ದಾಖಲೆ ಪುಸ್ತಕಗಳ ಹಿಂದೆ 1563ರ ಟ್ರೆಂಟ್ ಮಹಾಸಭೆಯ ಆಜ್ಞೆಯಿದೆ. ಗುಟ್ಟಿನ ಮದುವೆಗಳನ್ನು ತಡೆಯುವುದು, ನಿಷಿದ್ಧ ನಂಟಿನವರು ಮದುವೆಯಾಗದಂತೆ ನೋಡಿಕೊಳ್ಳುವುದು ಅದರ ಉದ್ದೇಶ. ಆದುದರಿಂದ ಜ್ಞಾನತಂದೆ ಜ್ಞಾನತಾಯಿಯರ ಹೆಸರುಗಳನ್ನೂ ಸಾಕ್ಷಿಗಳ ಹೆಸರುಗಳನ್ನೂ ಅಲ್ಲಿ ಬರೆದಿಡುತ್ತಾರೆ. ಅವನ್ನು ಬಿಟ್ಟು ಓದಬೇಡಿರಿ. ಮಗುವಿನ ಹೆಸರಿನಿಂದ ತಿಳಿಯದ ನಂಟು ಎಷ್ಟೋ ಬಾರಿ ಜ್ಞಾನತಾಯಿಯ ಹೆಸರಿನಿಂದ ತಿಳಿಯುತ್ತದೆ. ಹಿರಿಯರು ಜ್ಞಾನಸ್ನಾನ ಪಡೆದಾಗ ಹೊಸ ಹೆಸರು ಬಂದಿರುತ್ತದೆ. ಹಳೆಯ ಹೆಸರು ಊರಿನ ಕಂದಾಯದ ಕಾಗದದಲ್ಲಿ ಉಳಿದಿರುತ್ತದೆ. ಎರಡನ್ನೂ ಬೇರೆ ಬೇರೆ ಮನುಷ್ಯರೆಂದು ಎಣಿಸಿ ವಂಶವೃಕ್ಷ ಕೆಡಿಸಿಕೊಳ್ಳುವುದು ಸುಲಭ.

1876ರಿಂದ 1878ರ ಧಾತು, ಈಶ್ವರ ಸಂವತ್ಸರಗಳ ಬರ ಬಳ್ಳಾರಿ ಸೀಮೆಯನ್ನು ತೀವ್ರವಾಗಿ ಕಾಡಿತು. ಬರದಲ್ಲಿ ಅನಾಥನಾದ ಮಗುವಿಗೆ ತಂದೆಯ ಹೆಸರು ಗೊತ್ತಿದ್ದರೆ ಅದೇ ಹೆಚ್ಚು. ಕೆಂಟಕಿಯ ಥಾಮಸನ ಹಾಗೆ, ಕಥೆ ಹೇಳುವವರೇ ಹೋಗಿಬಿಟ್ಟಿದ್ದರು. ನಿಮ್ಮ ಹುಡುಕಾಟ ಆ ವರ್ಷಗಳ ಬಳಿ ಬಂದು ನಿಂತರೆ, ಬಿಟ್ಟ ಸ್ಥಳವನ್ನು ಬಿಟ್ಟ ಸ್ಥಳವಾಗಿಯೇ ಇಡಿರಿ. ಅಲ್ಲಿ ಪಾಳೆಯಗಾರನನ್ನೋ ಯುರೋಪಿನ ಅಧಿಕಾರಿಯನ್ನೋ ತಂದು ಕೂರಿಸಬೇಡಿರಿ. ಬರದಿಂದ ಬದುಕುಳಿದ ಆ ಮಗು ಯಾವ ಪಾಳೆಯಗಾರನಿಗಿಂತಲೂ ಕಡಿಮೆಯಲ್ಲ.

ಇನ್ನೊಂದು ಮಾತು ಉಳಿಯಿತು. ಲಿಂಕನ್ನರ ಅಜ್ಜಿ ಯಾರೆಂಬ ಬಗ್ಗೆಯೂ ಜಗಳವಿತ್ತು. ಮೇರಿ ಶಿಪ್ಲಿ ಎಂಬುದು ಒಂದು ಕಡೆಯ ಐತಿಹ್ಯ. ಬತ್ಷೆಬಾ ಹೆರಿಂಗ್ ಎಂಬುದು ಇನ್ನೊಂದು. 1780ರ ಕ್ರಯಪತ್ರದಲ್ಲಿ ಅಬ್ರಹಾಮನ ಜೊತೆಗೆ ಹೆಂಡತಿ ಬತ್ಷೆಬಾಳ ಹೆಸರೂ ಇದೆ. ಜಮೀನು ಮಾರುವಾಗ ಹೆಂಡತಿಯ ಒಪ್ಪಿಗೆ ಬೇಕೆಂಬ ಕಾನೂನು ಅಲ್ಲಿ ಇದ್ದುದರಿಂದಲೇ ಆ ಹೆಸರು ಉಳಿಯಿತು. ನಮ್ಮ ಹೆಳವರ ಹೊತ್ತಗೆಗಳಲ್ಲಿ ಗಂಡು ಸಂತತಿಯೇ ಮುಂದು. ಹೆಣ್ಣುಮಕ್ಕಳು ಬಂದು ಹೋಗುವವರು. ಆದುದರಿಂದ ನಿಮ್ಮ ಟ್ರಂಕಿನಲ್ಲಿ ಹಳೆಯ ಕ್ರಯಪತ್ರವೋ ಅಡಮಾನ ಪತ್ರವೋ ಸಿಕ್ಕಿದರೆ ಮೊದಲ ಪುಟವನ್ನು ಓದಿ ಮಡಿಸಿಡಬೇಡಿರಿ. ಕೊನೆಯ ಪುಟದಲ್ಲಿ, ಸಾಕ್ಷಿಗಳ ಸಹಿಗಳ ಕೆಳಗೆ, ಹೆಬ್ಬೆಟ್ಟಿನ ಗುರುತೊಂದಿದೆಯೇ, ಅದರ ಪಕ್ಕದಲ್ಲಿ ಬರಹಗಾರನು ಯಾವ ಹೆಂಗಸಿನ ಹೆಸರನ್ನು, ಯಾರ ಮಗಳೆಂದು, ಯಾವ ಊರಿನವಳೆಂದು ಬರೆದಿದ್ದಾನೆ ಎಂಬುದನ್ನು ಬೆಳಕಿಗೆ ಹಿಡಿದು ನೋಡಿರಿ.