ಆರು, ಒಂಬತ್ತು

ನನ್ನ ಕಸುಬಿನ ಸಾಮಾನು ಹೆಚ್ಚಿರಲಿಲ್ಲ. ಒಂದು ಸ್ಟಾಪ್‌ವಾಚು, ಚೂಪಾಗಿ ಹೆರೆದ ನಾಲ್ಕು ಪೆನ್ಸಿಲು, ಸಾಲುಸಾಲಾಗಿ ಅಂಕಿ ಅಚ್ಚಾದ ಹಾಳೆಗಳು. ಎದುರಿಗೆ ಕೂತವರಿಗೆ ಹೇಳುತ್ತಿದ್ದದ್ದೂ ಇಷ್ಟೇ: "ಎಡಗಡೆಯಿಂದ ಹೋಗಿ. ಆರು, ಒಂಬತ್ತು ಕಂಡಲ್ಲೆಲ್ಲ ಗೀಟು ಹಾಕಿ. ಬೇಗ ಮಾಡಿ, ಒಂದೂ ಬಿಡಬೇಡಿ." ಬಾಗಿಲ ಮೇಲೆ ಮನಃಶಾಸ್ತ್ರಜ್ಞೆ ಎಂಬ ಬೋರ್ಡಿದ್ದರೂ ಆಸ್ಪತ್ರೆಯ ಆಯಾಗಳಿಗೆ ನಾನು 'ಗೀಟಿನ ಮೇಡಂ'.

ಈ ಗೀಟಿಗೂ ಒಂದು ವಂಶಾವಳಿ ಇದೆ. 1895ರಲ್ಲಿ ಫ್ರಾನ್ಸಿನ ಬೂರ್ದೊಂ ಎಂಬಾತ ಅಚ್ಚಾದ ಪುಟ ಮುಂದಿಟ್ಟು, ಇಂತಿಂಥ ಅಕ್ಷರ ಹೊಡೆದುಹಾಕಿ ಎಂದು ಜನರನ್ನು ಕೂರಿಸಿದ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಜರ್ಮನಿಯ ಎಮಿಲ್ ಕ್ರೇಪೆಲಿನ್ ಒಂಟಿ ಅಂಕಿಗಳನ್ನು ಸಾಲಾಗಿ ಕೂಡಿಸುತ್ತ ಹೋಗಲು ಹೇಳುತ್ತಿದ್ದ. ಚಹಾ ಕುಡಿದರೆ ಮನಸ್ಸಿನ ಚುರುಕು ಏನಾಗುತ್ತದೆ, ಮದ್ಯ ಕುಡಿದರೆ ಏನಾಗುತ್ತದೆ ಎಂದೂ ಅಳೆದವನು ಅವನು. (ನಮ್ಮ ಕ್ಯಾಂಟೀನಿನ ಚಹಾ ಕೊಟ್ಟಿದ್ದರೆ ಲೆಕ್ಕ ಬೇರೆಯೇ ಬರುತ್ತಿತ್ತು.) ಮರುಳಿನ ನೂರೆಂಟು ಬಗೆಗಳಲ್ಲಿ ಒಂದನ್ನು ವಿಂಗಡಿಸಿ 'ಡಿಮೆನ್ಷಿಯಾ ಪ್ರೀಕಾಕ್ಸ್', ಅಂದರೆ ಅಕಾಲದ ಬುದ್ಧಿಕ್ಷಯ, ಎಂದವನೂ ಇವನೇ. 1908ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಅದಕ್ಕೆ ಸ್ಕಿಜೋಫ್ರೇನಿಯಾ ಎಂಬ ಹೊಸ ಹೆಸರಿಟ್ಟ. ಕನ್ನಡದಲ್ಲಿ 'ಇಚ್ಚಿತ್ತ ವಿಕಲತೆ' ಆಯಿತು. ನನಗೆ ಈ ಪದ ಒಗ್ಗಿದ್ದಿಲ್ಲ. ಕೇಳಿದವರು ಒಬ್ಬನೊಳಗೆ ಇಬ್ಬರು ಕೂತಿದ್ದಾರೆ ಎಂದುಕೊಳ್ಳುತ್ತಾರೆ.

ಇದೇ ಕಾಯಿಲೆಯ, ತಿಪಟೂರು ಕಡೆಯ ಹುಡುಗನೊಬ್ಬ ಬಂದಿದ್ದ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು. ಮೂಟೆ ಎಣಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲವಂತೆ. "ಈಗ ಇವನ್ಗೆ ಗ್ಯಾನ್ವೇ ಇಲ್ಲ ಕಣಮ್ಮ, ಬರೀ ಸೋಂಬೇರಿ ಆಗೋದ" ಎಂದರು ತಾಯಿ. ಗ್ಯಾನ! ಪುಸ್ತಕದ ಜ್ಞಾನ ಹಳ್ಳಿಯ ಬಾಯಲ್ಲಿ ಗ್ಯಾನವಾದಾಗ ಅರಿವು, ನೆನಪು, ಗಮನ ಮೂರೂ ಒಂದೇ ಮಾತಿನಲ್ಲಿ ಅಡಕ. ಹುಡುಗ ಹಾಳೆಯ ಉದ್ದಕ್ಕೂ ನಿಧಾನವಾಗಿ, ಅಲ್ಲೊಂದು ಇಲ್ಲೊಂದು ಅಂಕಿ ಬಿಡುತ್ತ ಹೋದ. ಮುಗಿಸಿದ ಮೇಲೆ ಕೇಳಿದೆ, ಏನು ಕಷ್ಟವಾಯಿತು?

"ನಿಮ್ಮ ಮಾತು, ಫ್ಯಾನು, ಆಚೆ ಬಸ್ಸು, ಎಲ್ಲಾ ಒಂದೇ ಸಮ ಗಟ್ಟಿಯಾಗಿ ಕೇಳ್ತದೆ ಮೇಡಂ. ಯಾವುದನ್ನ ಕೇಳಬೇಕೋ ಗೊತ್ತಾಗಲ್ಲ."

1961ರಲ್ಲಿ ಸ್ಕಾಟ್ಲೆಂಡಿನ ಮೆಕ್‌ಗೀ ಮತ್ತು ಚಾಪ್‌ಮನ್ ಇಂಥ ಮಾತುಗಳನ್ನೇ ರೋಗಿಗಳ ಬಾಯಿಂದ ಕೇಳಿ ಬರೆದುಕೊಂಡಿದ್ದರು. ಅಲ್ಲಿಯವರೆಗೆ ರೋಗಿಯನ್ನು ಹೊರಗಿನಿಂದ ನೋಡಿ ಲಕ್ಷ್ಯವಿಲ್ಲ ಎಂದವರೇ ಹೆಚ್ಚು. ಒಳಗೆ ಲಕ್ಷ್ಯ ಕಡಿಮೆಯಾಗಿರಲಿಲ್ಲ, ಜರಡಿ ಹರಿದಿತ್ತು. 1982ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಅದು ಯಂತ್ರದ ಮೇಲೂ ಕಂಡಿತು. ಅರ್ಧ ಸೆಕೆಂಡಿನ ಅಂತರದಲ್ಲಿ ಎರಡು ಸಲ 'ಟಕ್' ಎನ್ನಿಸಿದರೆ ಆರೋಗ್ಯವಂತರ ಮಿದುಳು ಎರಡನೆಯದಕ್ಕೆ ಅಷ್ಟಾಗಿ ಕಿವಿಗೊಡುವುದಿಲ್ಲ, ಗೊತ್ತಿರುವುದೇ ತಾನೆ ಎಂದು ಸುಮ್ಮನಾಗುತ್ತದೆ. ಈ ರೋಗಿಗಳ ಮಿದುಳಿಗೆ ಎರಡನೆಯ ಟಕ್ಕೂ ಹೆಚ್ಚುಕಡಿಮೆ ಮೊದಲನೆಯದರಷ್ಟೇ ಹೊಸದು. ಡೋಪಮೀನ್ ಎಂಬ ರಾಸಾಯನಿಕದ ವಿಚಾರವೂ ಇದೆ. ಅದು ಅಡ್ಡಾದಿಡ್ಡಿ ಹರಿದರೆ ಗೋಡೆಯ ಕಲೆ, ಪಕ್ಕದ ಮನೆಯ ಕೆಮ್ಮು, ಎಲ್ಲವೂ ನಮಗಾಗಿಯೇ ಎನ್ನಿಸತೊಡಗುತ್ತದೆಯಂತೆ.

ಅದೇ ವಾರ ಇನ್ನೊಬ್ಬರು ಬಂದರು. ಗಾರ್ಮೆಂಟ್ಸ್ ಕೆಲಸದ ಹೆಂಗಸು. ಬಸ್ಸಿಗೆ ಬೆಂಕಿ ಬಿದ್ದಾಗ ಕಿಟಕಿಯಿಂದ ಧುಮುಕಿ ಉಳಿದವರು. ಅವರ ಅಂಕವೂ ಹುಡುಗನದಷ್ಟೇ ಬಂತು. ಇಬ್ಬರಿಗೂ 'ಗಮನ ಕುಂಠಿತ' ಎಂದು ಒಂದೇ ಷರಾ ಬರೆದೆ. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ, ಕೂಡಿಸಿ ಕಳೆದು ಬಂದ ಸಂಖ್ಯೆಯೇ ನನಗೆ ವೇದ.

ಸಂಜೆ ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟಾಗ ಕಣ್ಣಿಗೆ ಬಿತ್ತು. ಆಕೆಯ ಸಾಲುಗಳು ಚೊಕ್ಕ. ತಪ್ಪೆಲ್ಲ ಐದಾರು ಕಡೆ ಗುಂಪುಗುಂಪಾಗಿ ಕೂತಿದ್ದವು. ಕಾರಿಡಾರಿನಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಆಕೆ ಹಿಂದೆ ತಿರುಗಿದ್ದು ಆಗ ನೆನಪಾಯಿತು. ಕುರ್ಚಿಯನ್ನು ಬಾಗಿಲಿಗೆ ಬೆನ್ನುಮಾಡಿ ಹಾಕಿದವಳು ನಾನೇ. ಆಕೆಯ ಗಮನ ಎಲ್ಲೂ ಹೋಗಿರಲಿಲ್ಲ, ಬಾಗಿಲ ಕಾವಲಿಗೆ ನಿಂತಿತ್ತು.

ಈ ಕಾವಲಿನ ಚರಿತ್ರೆಯೂ ವಿಚಿತ್ರ. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯ ಕಂದಕಗಳಿಂದ ಬಂದ ಸೈನಿಕರ ಬಗ್ಗೆ 'ಶೆಲ್ ಶಾಕ್' ಎಂದು ಬರೆದ. ಅಂಥವರನ್ನು ಹೇಡಿಗಳೆಂದು ಹೀಗಳೆದದ್ದೂ ಉಂಟು, ನಮ್ಮ ಹುಡುಗನನ್ನು ಸೋಂಬೇರಿ ಎಂದ ಹಾಗೆ. ಆಘಾತಾನಂತರದ ಈ ಕಾಯಿಲೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈಗಿನ ಹೆಸರು ಸಿಕ್ಕಿದ್ದು 1980ರಲ್ಲಿ. ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಸುಮ್ಮನಾಗುವುದಿಲ್ಲ, ಅದನ್ನು ಗದರಿಸಬೇಕಾದ ಹಣೆಯ ಹಿಂದಿನ ಭಾಗದ ಕೈ ಸಾಲುವುದಿಲ್ಲ ಎನ್ನುತ್ತಾರೆ. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಇವರಲ್ಲಿ ಚಿಕ್ಕದು ಎಂದೂ ಕಂಡಿತ್ತು. ಆಘಾತವೇ ಅದನ್ನು ಕುಗ್ಗಿಸಿತು ಎಂದು ನಾವೆಲ್ಲ ನಂಬಿದ್ದೆವು. 2002ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರನ್ನೂ ಮನೆಯಲ್ಲೇ ಉಳಿದ ಅವರ ತದ್ರೂಪಿ ಅವಳಿಗಳನ್ನೂ ಹೋಲಿಸಿದರೆ, ಕಾಯಿಲೆ ಬಿದ್ದವರ ಅವಳಿಗಳಿಗೂ ಅದು ಚಿಕ್ಕದೇ ಇತ್ತು! ಆಘಾತಕ್ಕೆ ಮುಂಚಿನಿಂದಲೇ ಹಾಗಿತ್ತೋ ಏನೋ. ಎರಡು ಕಾಯಿಲೆಗಳ ನಡುವಿನ ಗೋಡೆಯೂ ನಾನು ಕಲಿತಷ್ಟು ಗಟ್ಟಿಯಲ್ಲ. ಬಾಲ್ಯದಲ್ಲಿ ಹಿಂಸೆ, ಕಿರುಕುಳ ಉಂಡವರಿಗೆ ಸ್ಕಿಜೋಫ್ರೇನಿಯಾದಂಥ ಸೈಕೋಸಿಸ್ ಬರುವ ಸಂಭವ ಹೆಚ್ಚು ಎಂದು 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ತೋರಿಸಿದರು. ಆ ಹುಡುಗನ ಬಾಲ್ಯದ ಬಗ್ಗೆ ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಮುಂದಿನ ಸಲ ಆಕೆ ಬಂದಾಗ ಕುರ್ಚಿಯನ್ನು ಗೋಡೆಗೆ ಒತ್ತಿಸಿ, ಬಾಗಿಲು ಎದುರಿಗೆ ಕಾಣುವಂತೆ ಹಾಕಿದೆ. ತಪ್ಪು ಅರ್ಧಕ್ಕಿಂತ ಕೆಳಗಿಳಿಯಿತು. ಹುಡುಗ ಬಂದ ದಿನ ಫ್ಯಾನು ಆರಿಸಿ, ಕಿಟಕಿ ಮುಚ್ಚಿದೆ. ಅವನ ಹಾಳೆ ಅಷ್ಟೇನೂ ಬದಲಾಗಲಿಲ್ಲ. "ಈಗ ನಿಮ್ಮ ಮಾತು ಒಂದೇ ಕೇಳ್ತಾ ಇದೆ" ಎಂದ. ಅಷ್ಟರಲ್ಲಿ ಹೊರಗೆ ಯಾರೋ ಗಡಗಡ ಎಂದು ಸ್ಟ್ರೆಚರ್ ತಳ್ಳಿಕೊಂಡು ಹೋದರು.