ಎಲುಬು ಕೀಲುಗಳನ್ನು ಮನುಷ್ಯನು ಅರಿತ ಬಗೆ

ಕುಳಿತಲ್ಲಿಂದ ಎದ್ದು, ನಾಲ್ಕು ಹೆಜ್ಜೆ ನಡೆದು, ಬಾಗಿಲಿನ ಅಗಳಿಯನ್ನು ತೆಗೆಯುವುದು ನಮಗೆ ಒಂದು ಕೆಲಸವೆಂದೇ ತೋರುವುದಿಲ್ಲ. ಮೊಣಕಾಲು ಬಿಗಿದುಕೊಂಡ ದಿನ ಮಾತ್ರ ಅದರ ಬೆಲೆ ತಿಳಿಯುತ್ತದೆ. ಪ್ರಾಯಕ್ಕೆ ಬಂದ ಮನುಷ್ಯನ ದೇಹದಲ್ಲಿ ಸಾಮಾನ್ಯವಾಗಿ 206 ಎಲುಬುಗಳಿರುವುವು. ಎಲುಬು ತಾನಾಗಿ ಬಾಗಲಾರದು. ಎಲುಬುಗಳು ಕೂಡುವೆಡೆಯಲ್ಲಿರುವ ಕೀಲು ಚಲನೆಗೆ ಅವಕಾಶ ಕೊಡುತ್ತದೆ, ಮಾಂಸಖಂಡವು ಎಳೆಯುತ್ತದೆ. ಇಷ್ಟು ಸರಳವಾಗಿ ತೋರುವ ಸಂಗತಿಯನ್ನು ಅರಿಯುವುದಕ್ಕೆ ಮನುಷ್ಯನಿಗೆ ಶತಮಾನಗಳೇ ಏಕೆ ಬೇಕಾದುವೆಂಬುದನ್ನು ಈಗ ವಿಚಾರಮಾಡೋಣ.

ನಮ್ಮ ದೇಶದ ಸುಶ್ರುತಸಂಹಿತೆಯು ಎಲುಬುಗಳನ್ನು 300 ಎಂದು ಎಣಿಸಿದೆ. ಹಲ್ಲುಗಳನ್ನೂ ಮೃದುವಾದ ತರುಣಾಸ್ಥಿಗಳನ್ನೂ ಸೇರಿಸಿಕೊಂಡುದರಿಂದ ಲೆಕ್ಕ ಹಾಗೆ ಬೆಳೆಯಿತು. ಕೀಲುಗಳನ್ನು ಅದು ಚಲಿಸುವುವು, ಸ್ಥಿರವಾದುವು ಎಂದು ಎರಡಾಗಿ ವಿಂಗಡಿಸಿ, ಮತ್ತೆ ಆಕಾರಕ್ಕೆ ತಕ್ಕಂತೆ ಎಂಟು ಬಗೆಗಳನ್ನು ಹೇಳಿದೆ. ತೊಡೆಯ ಬುಡದ ಕೀಲಿಗೆ ಅಲ್ಲಿರುವ ಹೆಸರು ಉಲೂಖಲ, ಎಂದರೆ ಒರಳು. ತಲೆಬುರುಡೆಯ ಎಲುಬುಗಳು ಕೂಡುವುದು ಹೊಲಿಗೆಯ ಹಾಗೆ. ಕೀಲುಗಳೊಳಗಿನ ಜಿಡ್ಡಿಗೆ ಅದು ಕೊಡುವ ಹೋಲಿಕೆ ಎಣ್ಣೆ ಸವರಿದ ಗಾಡಿಯ ಅಚ್ಚಿನದು. ಇವು ಕಣ್ಣಾರೆ ಕಂಡವರ ಮಾತುಗಳು. ಶವವನ್ನು ಹುಲ್ಲಿನಿಂದ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಬಳಿಕ ಮೆಲ್ಲನೆ ಉಜ್ಜುತ್ತ ಒಳಗಿನ ಅಂಗಗಳನ್ನು ಒಂದೊಂದಾಗಿ ನೋಡಬೇಕೆಂದು ಆ ಗ್ರಂಥವೇ ವಿಧಿಸುತ್ತದೆ. ಶಾಸ್ತ್ರವೂ ಪ್ರತ್ಯಕ್ಷವೂ ಕೂಡಿದಾಗಲೇ ಜ್ಞಾನ ಬೆಳೆಯುವುದೆಂದು ಹೇಳುತ್ತದೆ. ಆದರೆ ಕಾಲಕ್ರಮದಲ್ಲಿ ಶವವನ್ನು ಮುಟ್ಟುವುದು ಹೀನವೆಂಬ ಭಾವನೆ ಬಲವಾಯಿತು. ಶಿಷ್ಯರಿಗೆ ಶ್ಲೋಕಗಳು ಬಾಯಿಗೆ ಬರುತ್ತಿದ್ದುವು. ಎಲುಬುಗಳನ್ನು ಕಾಣುವ ಅವಕಾಶ ಇಲ್ಲವಾಯಿತು.

ಯೂರೋಪಿನಲ್ಲಿಯೂ ಇಂತಹುದೇ ಕಥೆ ನಡೆಯಿತು. ಕ್ರಿಸ್ತಶಕ ಎರಡನೆಯ ಶತಮಾನದ ಗ್ಯಾಲೆನ್ ಮಹಾವೈದ್ಯನು. ಆದರೆ ಅವನು ಕೊಯ್ದು ನೋಡಿದುದು ಹೆಚ್ಚಾಗಿ ಕೋತಿ ಮುಂತಾದ ಪ್ರಾಣಿಗಳನ್ನು. ಮನುಷ್ಯನ ಕೆಳದವಡೆಯಲ್ಲಿ ಎರಡು ಎಲುಬುಗಳಿವೆಯೆಂದು ಅವನು ಬರೆದನು. ಸಾವಿರಕ್ಕೆ ಮೇಲ್ಪಟ್ಟು ವರ್ಷಗಳ ಕಾಲ ಅದೇ ಪ್ರಮಾಣವಾಯಿತು. ಅಧ್ಯಾಪಕನು ಉನ್ನತಾಸನದಲ್ಲಿ ಕುಳಿತು ಗ್ರಂಥವನ್ನು ಓದುವನು. ಕೆಳಗೆ ಮತ್ತೊಬ್ಬನು ಶವವನ್ನು ಕೊಯ್ಯುವನು. ಓದುವವನು ನೋಡಲಿಲ್ಲ, ಕೊಯ್ಯುವವನು ಓದಲಿಲ್ಲ.

ಈ ಪದ್ಧತಿಯನ್ನು ಮುರಿದವನು ಬ್ರಸೆಲ್ಸ್ ನಗರದಲ್ಲಿ 1514ರಲ್ಲಿ ಹುಟ್ಟಿದ ವೆಸಾಲಿಯಸ್. 1536ರಲ್ಲಿ ಲೂವೇನ್ ಪಟ್ಟಣದ ಹೊರಗೆ, ಮರಣದಂಡನೆ ಹೊಂದಿದವನೊಬ್ಬನ ಅಸ್ಥಿಪಂಜರವನ್ನು ಕಂಡು, ಅದನ್ನು ಭಾಗಭಾಗವಾಗಿ ಗುಟ್ಟಾಗಿ ಮನೆಗೆ ಸಾಗಿಸಿ ಜೋಡಿಸಿಕೊಂಡನು. ಮುಂದೆ ಪಾದುವಾ ವಿಶ್ವವಿದ್ಯಾನಿಲಯದಲ್ಲಿ ಆಸನದಿಂದಿಳಿದು ತಾನೇ ಕತ್ತಿ ಹಿಡಿದು ಪಾಠ ಹೇಳಿದನು. 1543ರಲ್ಲಿ ಅಚ್ಚಾದ ಅವನ ಮಹಾಗ್ರಂಥವು ಕೆಳದವಡೆ ಒಂದೇ ಎಲುಬೆಂದು ತೋರಿಸಿತು. ತಪ್ಪು ಚಿಕ್ಕದೇ, ಆದರೆ ಪೂಜ್ಯ ಗ್ರಂಥವನ್ನು ಎಲುಬಿನ ಮುಂದೆ ಹಿಡಿದು ಪರೀಕ್ಷಿಸಬಹುದೆಂಬ ಧೈರ್ಯವು ದೊಡ್ಡದು.

ಎಲುಬಿನ ಆಕಾರ ತಿಳಿದ ಮೇಲೆ ಚಲನೆಯ ಲೆಕ್ಕ ಉಳಿದಿತ್ತು. ಇಟಲಿಯ ಗಣಿತಜ್ಞ ಬೊರೆಲ್ಲಿಯು ಎಲುಬನ್ನು ಸನ್ನೆಗೋಲೆಂದೂ ಕೀಲನ್ನು ಅದರ ಆನಿಕೆಯೆಂದೂ ಎಣಿಸಿದನು. ಪ್ರಾಣಿಗಳ ಚಲನೆಯನ್ನು ಕುರಿತ ಅವನ ಗ್ರಂಥವು ಅವನು ತೀರಿಕೊಂಡ ಬಳಿಕ, 1680ರಿಂದ 1681ರವರೆಗೆ ಹೊರಬಂದಿತು. ಅವನ ವಿಚಾರಸರಣಿಯನ್ನು ನಮ್ಮ ತೋಳಿನಲ್ಲಿಯೇ ಪರೀಕ್ಷಿಸೋಣ. ಮುಂಗೈಯನ್ನೆತ್ತುವ ಮಾಂಸಖಂಡವು ಮೊಣಕೈ ಕೀಲಿನಿಂದ ಸುಮಾರು 2 ಅಂಗುಲ ದೂರದಲ್ಲಿ ಅಂಟಿಕೊಂಡಿದೆ. ಅಂಗೈ ಸುಮಾರು 14 ಅಂಗುಲ ದೂರದಲ್ಲಿದೆ. ಆದುದರಿಂದ ಅಂಗೈಯಲ್ಲಿ 10 ಪೌಂಡು ಹಿಡಿದರೆ ಮಾಂಸಖಂಡವು ಸುಮಾರು 70 ಪೌಂಡಿನಷ್ಟು ಎಳೆಯಬೇಕು. ಬಲದಲ್ಲಿ ನಷ್ಟವಾದರೂ ವೇಗದಲ್ಲಿ ಲಾಭ: ಮಾಂಸಖಂಡವು ಸ್ವಲ್ಪವೇ ಕುಗ್ಗಿದರೂ ಕೈ ಬಹುದೂರ ಬೀಸುತ್ತದೆ.

ಇನ್ನು ನಮ್ಮ ದೇಶಕ್ಕೆ ಮರಳೋಣ. 1835ರಲ್ಲಿ ಕಲ್ಕತ್ತೆಯಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಮರುವರ್ಷ ಅಲ್ಲಿ ಪಂಡಿತ ಮಧುಸೂದನ ಗುಪ್ತರು, ನಿಂದೆಗೆ ಅಂಜದೆ, ಸ್ವಹಸ್ತದಿಂದ ಶವಚ್ಛೇದ ಮಾಡಿದರು. ಅವರು ವೈದ್ಯಕುಲದವರು, ಆಯುರ್ವೇದದ ಅಧ್ಯಾಪಕರು. ಅದೇ ವರ್ಷಗಳಲ್ಲಿ ಸುಶ್ರುತಸಂಹಿತೆಯನ್ನು ಸಂಪಾದಿಸಿ ಅಚ್ಚುಹಾಕಿಸಿದವರೂ ಅವರೇ. ಒಂದು ಕೈಯಲ್ಲಿ ಗ್ರಂಥ, ಇನ್ನೊಂದರಲ್ಲಿ ಕತ್ತಿ: ಸುಶ್ರುತನ ವಿಧಿಯನ್ನು ಅವರು ಮೀರಿದರೆಂದು ದೂರುವುದಕ್ಕಿಂತ, ಬಹುಕಾಲದ ಮೇಲೆ ಅದನ್ನು ಪಾಲಿಸಿದರೆಂದು ಹೇಳುವುದೇ ನ್ಯಾಯ.

ಈ ಜ್ಞಾನದ ಫಲ ಇಂದು ಎಷ್ಟೋ ಮನೆಗಳನ್ನು ಮುಟ್ಟಿದೆ. 1962ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿಯು ಸವೆದ ತೊಡೆಯ ಕೀಲಿಗೆ ಬದಲಾಗಿ ಲೋಹದ ಗುಂಡನ್ನೂ ಪಾಲಿಥೀನ್ ಬಟ್ಟಲನ್ನೂ ಕೂಡಿಸಿ ಜಯ ಪಡೆದನು. ಅದಕ್ಕೆ ಮೊದಲು ಬೇರೊಂದು ಪದಾರ್ಥದಿಂದ ಮಾಡಿದ ಬಟ್ಟಲು ಬೇಗನೆ ಸವೆದುಹೋಗಿತ್ತು. ಅವನು ಅದನ್ನು ಒಪ್ಪಿಕೊಂಡು ಮತ್ತೆ ಪರೀಕ್ಷಿಸಿದನು. ಸುಶ್ರುತಸಂಹಿತೆಯು ಒರಳೆಂದು ಕರೆದ ಕೀಲು ಅದೇ. ಹಾಸಿಗೆ ಹಿಡಿದ ಹಿರಿಯರೊಬ್ಬರು ಮತ್ತೆ ಅಂಗಳದಲ್ಲಿ ನಡೆದಾಡುವುದನ್ನು ಕಂಡಾಗ, ಕಂಡುದನ್ನೇ ನಂಬಿದ ಈ ಜನರನ್ನು ನಾವು ನೆನೆಯುವುದು ಉಚಿತ.