ಮಾಣಿಕ್ಯವೇಲು ಮ್ಯಾನ್ಷನ್: ಗಣಿಯ ಸಂಪತ್ತು, ಜನರ ಉದ್ಯಾನ

ಬೆಂಗಳೂರಿನ ಉದ್ಯಮಸಂಪತ್ತನ್ನು ಇಂದು ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಹೆಸರಿನಿಂದ ಗುರುತಿಸುವುದು ವಾಡಿಕೆ. ಅಲ್ಲಿಯ ಹುಲ್ಲುಹಾಸುಗಳು ಬಹುಮಟ್ಟಿಗೆ ಗುರುತಿನ ಚೀಟಿ ಉಳ್ಳವರಿಗೆ ಮೀಸಲು. ಸಂಸ್ಥಾನಕಾಲದ ಉದ್ಯಮಿಯೊಬ್ಬರ ಮನೆಯಂಗಳದಲ್ಲಿ ಸಾಮಾನ್ಯರು ಅಡ್ಡಾಡಬೇಕಾದರೆ ನಗರದ ನಡುವಿನ ಅರಮನೆ ರಸ್ತೆಗೆ, ಮಾಣಿಕ್ಯವೇಲು ಮ್ಯಾನ್ಷನ್ನಿಗೆ ಬರಬೇಕು.

ಮಾಣಿಕ್ಯವೇಲು ಮೊದಲಿಯಾರರು ಮ್ಯಾಂಗನೀಸ್ ಮತ್ತು ಕ್ರೋಮೈಟ್ ಗಣಿಗಳನ್ನು ಗುತ್ತಿಗೆಗೆ ಪಡೆದು ಐಶ್ವರ್ಯವಂತರಾದವರು. ಉಕ್ಕನ್ನು ಗಡುಸುಗೊಳಿಸಲು ಬೇಕಾದ ಈ ಅದಿರುಗಳಿಗೆ ಹೊರದೇಶಗಳಲ್ಲಿಯೂ ಬೇಡಿಕೆಯಿತ್ತು. ಮೈಸೂರು ರಾಜಮನೆತನಕ್ಕೆ ಸೇರಿದ್ದ ಈ ಭವನವನ್ನು ಅವರು ಕೊಂಡುಕೊಂಡರು. ಅರಸರ ಮನೆ ಗಣಿ ಉದ್ಯಮಿಯ ಮನೆಯಾದ ಈ ಪಲ್ಲಟ ಸಣ್ಣದಲ್ಲ. ಭೂಮಿಯ ಮೇಲಣ ಕಂದಾಯಕ್ಕಿಂತ ಭೂಮಿಯೊಳಗಣ ಅದಿರು ಹೆಚ್ಚು ಬೆಲೆಬಾಳತೊಡಗಿದ ಕಾಲದ ಕುರುಹು ಅದು.

ಆ ವೈಭವ ಬಹುಕಾಲ ನಿಲ್ಲಲಿಲ್ಲ. 1960ರ ದಶಕದಲ್ಲಿ ಮನೆ ಹರಾಜಿಗೆ ಬಂದು ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯ ಪಾಲಾಯಿತು. ಮುಂದೆ ಗೃಹಮಂಡಳಿಗೆ ಹೋಯಿತು. 2000ದಲ್ಲಿ ಕೇಂದ್ರ ಸಂಸ್ಕೃತಿ ಇಲಾಖೆ ಇದನ್ನು ಗುತ್ತಿಗೆಗೆ ಪಡೆದು, ಹಳೆಯ ಕಟ್ಟಡವನ್ನು ಉಳಿಸಿಕೊಂಡು ಪಕ್ಕದಲ್ಲಿ ಹೊಸ ವಿಭಾಗವನ್ನು ಕಟ್ಟಿಸಿತು. 2009ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಮನೆ ಖಾಸಗಿ ಕೈಯಲ್ಲೇ ಉಳಿದಿದ್ದರೆ ಅದರ ಸುಮಾರು 3.5 ಎಕರೆ ಆವರಣ ಬಹುಮಹಡಿ ಕಟ್ಟಡಗಳಿಗೆ ಹಂಚಿಹೋಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಒಡೆತನದ ಸೋಲೇ ತೋಟವನ್ನು ಕಾಯ್ದಿತು.

ಇದೇ ಸಂಸ್ಥೆಯ ಉಳಿದೆರಡು ನೆಲೆಗಳನ್ನು ಇಲ್ಲಿ ನೆನೆಯಬಹುದು. ದೆಹಲಿಯದು ಜಯಪುರದ ಅರಸರ ನಿವಾಸ. ಮುಂಬಯಿಯದು ಪಾರ್ಸಿ ಧನಿಕ ಕಾವಸ್‌ಜಿ ಜಹಾಂಗೀರರ ದಾನದಿಂದ ಎದ್ದ ಸಾರ್ವಜನಿಕ ಸಭಾಭವನ. ಬೆಂಗಳೂರಿನದು ದಾನವೂ ಅಲ್ಲ, ಅರಸರಿಂದ ನೇರವಾಗಿ ಬಂದದ್ದೂ ಅಲ್ಲ. ನಡುವೆ ಗಣಿಯೊಂದಿದೆ.

ಇಂದು ಹಳೆಯ ಮರಗಳ ನೆರಳಿನಲ್ಲಿ ವಿದ್ಯಾರ್ಥಿಗಳು ರೇಖಾಚಿತ್ರ ಬರೆಯುತ್ತಾರೆ. ಒಳಗೆ ರವಿವರ್ಮ, ಠಾಕೂರ್, ಜಾಮಿನಿ ರಾಯ್ ಇದ್ದಾರೆ. ಅದಿರು ಅಗೆದವರ ಕಥೆಯನ್ನು ಕಲಾ ಸಂಗ್ರಹಾಲಯ ಹೇಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಮನೆಯ ಕಮಾನುಗಳನ್ನು ಮೆಚ್ಚಿ ಬರೆಯುವವರು ಅಲ್ಲಿಗೇ ನಿಂತುಬಿಡುತ್ತಾರೆ. 1894ರಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಯ ವರದಿಗಳನ್ನೂ ರಾಜ್ಯ ಪತ್ರಾಗಾರದ ಕಡತಗಳನ್ನೂ ಈ ಉದ್ಯಾನದ ಜೊತೆಗಿಟ್ಟು ಓದುವ ಸಂಶೋಧಕರಿಗೆ ಕೆಲಸ ಇನ್ನೂ ಬಾಕಿಯಿದೆ.